ಫಲ ಕೊಟ್ಟ ಮಾತು

ಕುಂದಾಪುರದಲ್ಲಿ ಬಸ್ ಹತ್ತಿದಾಗ ಖಾಲಿ ಇದ್ದದ್ದು ಒಂದೇ ಸೀಟು. ಪಕ್ಕದ ಮಹಾಶಯರು ಅದರ ಮೇಲೆ ಬ್ಯಾಗ್ ಇಟ್ಟು, "ಜನ ಇದ್ದಾರೆ, ಈಗ ಬರ್ತಾರೆ" ಅಂದರು. ಬಸ್ ಹೊರಟರೂ ಯಾರೂ ಬರಲಿಲ್ಲ. ನಾನು ಕಂಬಿ ಹಿಡಿದು ನಿಂತೆ.

ಈ ದಾರಿಗೆ ಹೊಸಬರಾದ ಅವರು, ಚೆನ್ನಾಗಿ ಬದುಕುವುದು ಹೇಗೆಂದು ಕೋಟದ ಮಕ್ಕಳಿಗೆ ಭಾಷಣ ಬಿಗಿಯಲು ಹೊರಟಿದ್ದರಂತೆ. ತಾಲೀಮು ನನ್ನ ಮೇಲೇ ನಡೆಯಿತು. "ಸತ್ಯ ಅಂದ್ರೆ ಕಲ್ಲಲ್ಲಿ ಕೆತ್ತಿಟ್ಟದ್ದಲ್ಲ. ಬಳಸಿದಾಗ ಯಾವ ಮಾತು ಫಲ ಕೊಡ್ತದೋ ಅದೇ ಸತ್ಯ."

ಹೌದಲ್ಲ, ಅವರ ಬ್ಯಾಗು ಆರಾಮಾಗಿ ಕೂತಿತ್ತು.

ಕೋಟೇಶ್ವರದಲ್ಲಿ ಮೀನು ಮಾರಿ ಮನೆಗೆ ಹೊರಟ ಹೆಂಗಸೊಬ್ಬರು ಖಾಲಿ ಬುಟ್ಟಿ ಹಿಡಿದು ಹತ್ತಿದರು. "ಹ್ವಾಯ್, ಇಲ್ಲ್ ಜನ ಇತ್ತಾ?"

ಮಹಾಶಯರು ಬುಟ್ಟಿ ನೋಡಿ ಮೂಗು ಮುಚ್ಚಿಕೊಂಡರು. "ಬರ್ತಾರೆ."

ಓಡುವ ಬಸ್ಸಿಗೆ ಹಾರಿ ಬರುವವರೇನೋ!

ಕೋಟಕ್ಕಿಂತ ಮೊದಲು ತೆಕ್ಕಟ್ಟೆಯಲ್ಲಿ ಬಸ್ ನಿಂತಿತು. "ಕೋಟ ಬಂತಾ?" ಎಂದು ಮಹಾಶಯರು ನನ್ನನ್ನೇ ಕೇಳಿದರು.

"ಬಂತು, ಬೇಗ ಇಳೀರಿ" ಅಂದೆ. ಬ್ಯಾಗ್ ಸಮೇತ ಇಳಿದರು.

ಅವರ ಲೆಕ್ಕದಲ್ಲಿ ನಾನು ಹೇಳಿದ್ದು ಅಪ್ಪಟ ಸತ್ಯ. ಕೂಡಲೇ ಸಿಕ್ಕ ಫಲ, ಎರಡು ಸೀಟು.

ಹೆಂಗಸು ಕಿಟಕಿ ಪಕ್ಕ ಕೂತು ಕೇಳಿದರು, "ಅವ್ರ್ ಹೇಳಿದ್ ಜನ ಬರ್ಲೇ ಇಲ್ಲೆ, ಅಲ್ದಾ?"

"ಬಂತಲ್ದಾ ಅಕ್ಕ," ಅಂದೆ, "ನಾವೇ."