ಎರೆದ ಕೈಗಳ ಮೇಲೆ ನಾನು ಹೊರಿಸಿದ್ದು

ಅತ್ತೆ, ಅನಘಾಳ ತಲೆ ಒಂದು ಕಡೆ ಚಪ್ಪಟೆಯಾದದ್ದು ನಿಮ್ಮ ಕೈಯಿಂದಲ್ಲ. ನನ್ನಿಂದ. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೇ ನಿಮ್ಮ ಮೇಲೆ ಹಾಕಿದೆ. ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ನಿಮಗೆ ವೀಸಾ ತಡವಾಯಿತಲ್ಲ, ಆ ತಿಂಗಳುಗಳ ಮಾತಿದು. ಲಂಡನ್ನಿನ ಕ್ವೀನ್ಸ್‌ಬರಿಯ ಫ್ಲ್ಯಾಟಿನಲ್ಲಿ ನಾನು, ಕೂಸು ಇಬ್ಬರೇ. ನಿಮ್ಮ ಮಗ ಏರ್‌ಪೋರ್ಟಿನ ಪಾಳಿ ಮುಗಿಸಿ ಬಂದವರೇ ಮಲಗಿಬಿಡುತ್ತಿದ್ದರು. ನನ್ನ ಕೆಲಸವನ್ನು ನಿಮಗೆ ಯಾರೂ ಸರಿಯಾಗಿ ವಿವರಿಸಲಿಲ್ಲ. "ನಮ್ಮ ಸೊಸಿ ಲಂಡನ್ನಿನಾಗ ಇಲಿ ನೋಡ್ತಾಳ" ಎಂದು ವಿಜಯಪುರದಲ್ಲಿ ಹೇಳಿಕೊಂಡು ನಗುತ್ತಿದ್ದಿರಿ. ಇಲಿಯೇ, ನಿಜ. ಹುಟ್ಟಿದ ಹೊಸತರಲ್ಲೇ ಚಳಿ, ಹಸಿವು, ತಾಯಿಯ ಅಗಲಿಕೆ ಕಂಡ ಮರಿಗಳ ತಲೆಬುರುಡೆ ಹೇಗೆ ಬೆಳೆಯುತ್ತದೆಂದು ಅಳೆಯುವುದು ನನ್ನ ಕೆಲಸ. ಎಳೆಯ ಎಲುಬು ಏನನ್ನೂ ಸುಮ್ಮನೆ ಬಿಡುವುದಿಲ್ಲ, ಪಟ್ಟ ಕಷ್ಟವನ್ನು ತನ್ನ ಆಕಾರದಲ್ಲಿ ಇಟ್ಟುಕೊಳ್ಳುತ್ತದೆ ಎಂದು ನಾನೇ ನಾಲ್ಕು ಜನರ ಮುಂದೆ ನಿಂತು ಹೇಳಿದವಳು.

ಹೆರಿಗೆ ರಜೆಯಲ್ಲೂ ಆ ಕೆಲಸ ಬಿಡಲಿಲ್ಲ — ಬಿಟ್ಟರೆ ನನ್ನ ಜಾಗಕ್ಕೆ ಇನ್ನೊಬ್ಬರು ಬಂದಾರೆಂಬ ಹೆದರಿಕೆ. ನಿಮ್ಮ ಮಗ ಪಾಳಿಗೆ ಹೋದ ಮೇಲೆ ಕೂಸನ್ನು, ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಎತ್ತಿಡಬಹುದಾದ ಸೀಟಿನಲ್ಲಿ ಹಾಕಿ, ಪಟ್ಟಿ ಬಿಗಿದು, ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ, ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಅವಳ ಕತ್ತು ಯಾವಾಗಲೂ ಕಿಟಕಿಯ ಕಡೆಗೇ ವಾಲಿರುತ್ತಿತ್ತು. ತಿರುಗಿಸಲಿಲ್ಲ. ಅಳುತ್ತಿದ್ದಳು — ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಪರದೆಯ ಮೇಲೆ ತಾಯಿಯಿಂದ ದೂರವಿಟ್ಟ ಮರಿಗಳ ಬುರುಡೆಗಳು, ಗೋಡೆಯಾಚೆ ನನ್ನ ಮಗಳು... ಅದು ನನಗೆ ಹೊಳೆಯಲೇ ಇಲ್ಲವೆಂದರೆ ಇನ್ನೊಂದು ಸುಳ್ಳಾದೀತು. ಹೊಳೆಯುತ್ತಿತ್ತು. ಆದರೂ ಮುಂದಿನ ಚಿತ್ರ ತೆರೆಯುತ್ತಿದ್ದೆ.

ಆಮೇಲೆ ನೀವು ಬಂದಿರಿ. ಬಾತ್‌ರೂಮಿನಲ್ಲಿ ಕಾಲು ಚಾಚಲು ಜಾಗವಿಲ್ಲವೆಂದು ಸೀರೆ ಎತ್ತಿ ಕಟ್ಟಿ ಟಬ್ಬಿನೊಳಗೇ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚಿ ಎರೆದಿರಿ. ಅಷ್ಟು ಅಳುವ ಹುಡುಗಿ ನಿಮ್ಮ ಕೈಯಲ್ಲಿ ಗಪ್‌ಚಿಪ್. ತಲೆಯನ್ನು ನೀವು ಒತ್ತಲೇ ಇಲ್ಲ, ಸವರಿದಿರಿ ಅಷ್ಟೆ. ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ.

ಕೆಲವು ವಾರ ಕಳೆದು, ಮಕ್ಕಳನ್ನು ನೋಡಲು ಮನೆಗೆ ಬರುವ ನರ್ಸ್ ಬಂದರು. ಅನಘಾಳ ತಲೆಯ ಹಿಂದೆ ಬೆರಳಾಡಿಸಿ, ಇಲ್ಲಿ ಚಪ್ಪಟೆಯಾಗಿದೆ, ಮಗು ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಇರುತ್ತದೆಯೇ ಎಂದು ಕೇಳಿದರು. ಗದರಲಿಲ್ಲ, ಮೆತ್ತಗೇ ಕೇಳಿದರು. ಬರೆದುಕೊಳ್ಳುತ್ತಾರೆ, ಯಾರೋ ಬರುತ್ತಾರೆ, ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ — ಬುರುಡೆ ಅಳೆಯುವವಳೇ ಹೀಗೆ ಮಾಡಿದಳೆಂದು ಲ್ಯಾಬಿನಲ್ಲೂ ಗೊತ್ತಾಗುತ್ತದೆ... ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ನಮ್ಮ ಅತ್ತೆ ಸ್ನಾನ ಮಾಡಿಸುವಾಗ ತಲೆ ಒತ್ತುತ್ತಾರೆ. ನಮ್ಮ ಕಡೆ ಅದು ರೂಢಿ. ಬೇಡವೆಂದರೂ ಕೇಳುವುದಿಲ್ಲ."

ನೀವು ಎದುರಿಗೇ ಸೋಫಾದ ಮೇಲೆ ಕೂತಿದ್ದಿರಿ. ನಾನು ನಿಮ್ಮ ಕಡೆ ಕೈ ತೋರಿಸಿದ್ದನ್ನು ಕಂಡು, ಹೊಗಳುತ್ತಿದ್ದಾಳೆಂದು ತಿಳಿದು, ನಕ್ಕು ತಲೆಯಾಡಿಸಿದಿರಿ. ಆ ನಗು —

ಸಂಜೆ ನಿಮ್ಮ ಮಗನಿಗೂ ಅದೇ ಹೇಳಿದೆ. ಅವರು ನಂಬಿದರು. "ಅವ್ವಾ, ಇನ್ನ ಮ್ಯಾಲೆ ಕೂಸಿಗೆ ನೀ ಎರೀಬ್ಯಾಡ. ನೀ ಒತ್ತಿದ್ದಕ್ಕ ತಲಿ ಚಪ್ಪಟ ಆಗೇತಂತ."

ನೀವು ಅವರನ್ನು ಬಿಟ್ಟು ನನ್ನ ಮುಖ ನೋಡಿದಿರಿ. "ಹೌದೇನ, ಸುಧಾ?"

ನಾನು ಹೂಂ ಅಂದೆ. ನೀವು ವೀಸಾ ಇನ್ನೂ ಇರುವಾಗಲೇ ಊರಿಗೆ ಹೊರಟುಹೋದಿರಿ.

ತಲೆ ಬಹುಮಟ್ಟಿಗೆ ದುಂಡಗಾಯಿತು. ಆದರೆ ಜಡೆ ಹೆಣೆಯುವಾಗ ನನ್ನ ಬೆರಳು ಆ ಜಾಗವನ್ನು ಈಗಲೂ ಹುಡುಕುತ್ತದೆ. ಎಲುಬನ್ನಾದರೆ ಅಳೆಯಬಹುದು, ಮುಚ್ಚಿದ ಬಾಗಿಲ ಹಿಂದೆ ಅತ್ತ ದಿನಗಳು ಒಳಗೆ ಏನು ಬಿಟ್ಟು ಹೋದವೋ — ಅದನ್ನು ಯಾವುದರಿಂದ ಅಳೆಯಲಿ? ಇಲಿಗಳಲ್ಲಿ ಕಂಡದ್ದನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಬಾರದು ಎಂದು ಬೇರೆಯವರಿಗೆ ಸಮಾಧಾನ ಹೇಳುತ್ತೇನೆ. ಮನೆಯಲ್ಲಿ ಅವಳು ತಲೆನೋವೆಂದರೆ, ಸುಮ್ಮನೆ ಕೋಣೆಯ ಬಾಗಿಲು ಹಾಕಿಕೊಂಡರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ.

ಮಗಳು ಗೀತಾಳ ಬಾಣಂತನಕ್ಕೆಂದು ನೀವು ಈಗ ಮತ್ತೆ ಲಂಡನ್ನಿಗೆ ಬಂದಿದ್ದೀರಿ. ಕಳೆದ ವಾರ ಹ್ಯಾರೋದ ಮನೆಯಲ್ಲಿ, ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಗೀತಾ ಕೂಸಿಗೆ ಎರೆಯಲೆಂದು ಎಣ್ಣೆಯ ಬಟ್ಟಲನ್ನು ನಿಮ್ಮ ಮುಂದೆ ಹಿಡಿದಳು. ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ. "ಒಲ್ಲೆವಾ. ನಿಮ್ಮಣ್ಣನ ಕೂಸಿನ ತಲಿ ಕೆಡಿಸಿದ ಕೈ ಇವು. ನನಗ ಅಂಜಿಕಿ ಬರ್ತೈತಿ."

ಅನಘಾ ಪಕ್ಕದಲ್ಲೇ ಇದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಅತ್ತೆ. ಕಾರಿನಲ್ಲಿ ಬರುವಾಗ ಕೇಳಿದಳು: "ಮಮ್, ವಾಟ್ ಡಿಡ್ ಅಜ್ಜಿ ಡೂ ಟು ಮಿ?" ಅಜ್ಜಿ ತನಗೇನು ಮಾಡಿದರು ಎಂದು.

ಭಾನುವಾರ ಗೀತಾಳ ಕೂಸನ್ನು ತೊಟ್ಟಿಲಿಗೆ ಹಾಕುತ್ತೀರಿ. ನೀರು ಕಾಯುವ ಮೊದಲೇ ನಾನು ಬರುತ್ತೇನೆ. ಅನಘಾಳ ಎದುರು, ನಿಮ್ಮ ಮಗನ ಎದುರು, ಗೀತಾಳ ಎದುರು ಹೇಳುತ್ತೇನೆ — ಈ ಸಲ ಕನ್ನಡದಲ್ಲಿ. ಒಂಟಿಯಾಗಿದ್ದೆ, ಕೆಲಸದ ಭಯವಿತ್ತು ಎಂದೆಲ್ಲ ಅಲ್ಲಿ ಹೇಳುವುದಿಲ್ಲ. ಅವರು ನನ್ನನ್ನು ಏನೆಂದುಕೊಂಡರೂ ಕೇಳಿಸಿಕೊಳ್ಳುತ್ತೇನೆ. ಆದರೆ ಎಲ್ಲ ಹೇಳಿದ ಮೇಲೂ ನೀವು ಸೆರಗಿನಿಂದ ಕೈ ಹೊರಗೆ ತೆಗೆಯದೇ ಹೋದರೆ — ಅತ್ತೆ, ಆಗ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.