ಮಾವನ ಹಲ್ಲು, ನನ್ನ ಬಾಯಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ, ಮೂಡಿಗೆರೆಯ ಒಂದು ಮದುವೆ ಛತ್ರದಲ್ಲಿ ಬೆಳೆಗಾರರ ಮನೆಯ ಹೆಂಗಸರನ್ನೆಲ್ಲ ಕೂರಿಸಿ, ಟೈ ಕಟ್ಟಿಕೊಂಡ ಒಬ್ಬ ಯುವಕ ಮನೋಭಾವದ ಬಗ್ಗೆ ಭಾಷಣ ಮಾಡಿದ. ಮನೋಭಾವ ಬದಲಾದರೆ ಬದುಕೇ ಬದಲಾಗುತ್ತದಂತೆ. ಕಲಿಯುತ್ತಲೇ ಇರುವವರಿಗೆ ಮುಪ್ಪಿಲ್ಲವಂತೆ. ಕಾಫಿ ಗಿಡಕ್ಕೂ ಕರಿಬೇವಿನ ಗಿಡಕ್ಕೂ ಇರುವ ವ್ಯತ್ಯಾಸ ಆ ಪುಣ್ಯಾತ್ಮನಿಗೆ ಗೊತ್ತಿತ್ತೋ ಇಲ್ಲವೋ, ಬದುಕಿನ ಗುಟ್ಟು ಮಾತ್ರ ಅಂಗೈಯಲ್ಲಿತ್ತು. ಕೊನೆಗೆ, “ಕಲಿಯುವುದನ್ನು ಯಾವತ್ತೂ ನಿಲ್ಲಿಸದವರು ಕೈ ಎತ್ತಿ” ಎಂದ. ಛತ್ರದ ತುಂಬ ಬಳೆ ಸದ್ದು. ಮದುವೆಯಾದಂದಿನಿಂದ ಒಂದು ಸಾರಿನ ರುಚಿಯನ್ನೂ ಬದಲಾಯಿಸದವರು ಎರಡೆರಡು ಕೈ ಎತ್ತಿದ್ದರು.

ನಾನು ಎತ್ತಲಿಲ್ಲ. ಪಕ್ಕದಲ್ಲಿದ್ದ ನಾದಿನಿ ಮೊಣಕೈಯಲ್ಲಿ ತಿವಿದು, “ಎತ್ತಿ ಅತ್ತಿಗೆ, ನಿಮ್ಮಷ್ಟು ಕಲ್ತೋರು ಇಲ್ಲಿ ಯಾರಿದಾರೆ?” ಎಂದಳು. ಅವಳು ಕಳಸಕ್ಕೆ ಮದುವೆಯಾಗಿ ಹೋದವಳು. ತವರಿನ ಉಗ್ರಾಣದ ಬಾಗಿಲ ಹಿಂದೆ ಏನು ಬರೆದಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಕಲಿತು ಮುಗಿಸಿದವರೇ ಜಾಸ್ತಿ. ಅಜ್ಜ ನೆಟ್ಟ, ಅಪ್ಪ ಕೊಯ್ದ, ಇನ್ನು ನಾನು ತಿಳಿದುಕೊಳ್ಳುವುದೇನಿದೆ ಎಂದು ಇಪ್ಪತ್ತೈದಕ್ಕೇ ಕಾಲು ಚಾಚಿ ಕೂರುವ ಜಾತಿ. ಅವರಲ್ಲಿ ನನ್ನ ಮಾವ ಅಗ್ರಗಣ್ಯರು. ಬಣಕಲ್ ಹತ್ತಿರ ನಮ್ಮದು ಸಣ್ಣ ತೋಟ, ಆದರೆ ಮಾವನ ಹಲ್ಲಿಗೆ ದೊಡ್ಡ ಹೆಸರು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಹರವಿದ ಪಾರ್ಚ್‌ಮೆಂಟ್ ಕಾಫಿ ಚೀಲ ಕಟ್ಟುವಷ್ಟು ಒಣಗಿದೆಯೋ ಇಲ್ಲವೋ ಎಂದು ಅವರು ಒಂದು ಕಾಳು ಕಚ್ಚಿ ಹೇಳುತ್ತಿದ್ದರು. ಹಲ್ಲಿನ ಗುರುತು ಬಿದ್ದರೆ ಹಸಿ. ಬೀಳದೆ ಟಕ್ಕೆಂದರೆ ಒಣಗಿದೆ. ಸುತ್ತಲಿನ ನಾಲ್ಕಾರು ಮನೆಯವರು ಟವೆಲ್ ತುದಿಯಲ್ಲಿ ಒಂದು ಹಿಡಿ ಕಾಳು ಗಂಟು ಕಟ್ಟಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಮಾವ ಕಚ್ಚಿ, ಕಣ್ಣು ಮುಚ್ಚಿ, “ಇನ್ನೊಂದು ಬಿಸ್ಲು ಬೇಕು” ಎನ್ನುವರು. ಅದು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಈ ಮಾತು ಒಪ್ಪಿಕೊಳ್ಳಲು ನನಗೆ ಆಗಲೂ ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಅವರ ಹಲ್ಲುಗಳು ಒಂದೊಂದಾಗಿ ಹೋದವು. ಹೊಸ ಹಲ್ಲಿನ ಅಳತೆ ಕೊಡಲು ಅವರನ್ನು ಮೂಡಿಗೆರೆಗೆ ಕರೆದುಕೊಂಡು ಹೋದವಳು ನಾನು. ಡಾಕ್ಟರ ಕೋಣೆಯಲ್ಲಿ ತಡವಾಗುವಂತಿತ್ತು. ಎದುರಿನ ಕಟ್ಟಡದಲ್ಲಿ ಕಾಫಿ ಒಣಗಿಸುವ ಬಗ್ಗೆ ಒಂದು ದಿನದ ತರಬೇತಿ ನಡೆಯುತ್ತಿತ್ತು. ಕುರ್ಚಿ ಖಾಲಿ ಇತ್ತು, ಫ್ಯಾನ್ ತಿರುಗುತ್ತಿತ್ತು, ಹೋಗಿ ಕೂತೆ. ಅದುವರೆಗೆ ಎಲ್ಲರ ಕಾಫಿಯೂ ಸರ್ಕಾರದ ಕಾಫಿ ಮಂಡಳಿಗೇ ಹೋಗಿ ಬೀಳುತ್ತಿತ್ತು. ಬೆಳೆದವನೇ ಮಾರುವ ಕಾಲ ಆಗಷ್ಟೇ ಬಂದಿತ್ತು, ಹಾಗಾಗಿ ಈ ತರಬೇತಿ. ಬಂದಿದ್ದ ಗಂಡಸರು ಊಟದ ಹೊತ್ತಿಗೆ ಮಾತ್ರ ಎಚ್ಚರವಾಗಿದ್ದರು. ಊಟವಾದ ಮೇಲೆ ಕೈ ತೊಳೆದಂತೆ ಕೇಳಿದ್ದನ್ನೂ ತೊಳೆದುಕೊಂಡು ಹೊರಟರು. ಹಳೇ ಗಂಡನ ಪಾದವೇ ಗತಿ.

ನಾನು ಒಂದೇ ಒಂದು ವಿಷಯ ಕಲಿತು ಬಂದೆ. ಕಣದ ಕಾಫಿಯನ್ನು ದಿನವೂ ಒಂದೇ ಡಬ್ಬದ ತುಂಬ ತುಂಬಿ ತೂಗಬೇಕು. ತೂಕ ಇಳಿಯುತ್ತಿರುವಷ್ಟು ದಿನ ಕಾಫಿ ಹಸಿ. ಮೂರು ದಿನ ಒಂದೇ ತೂಕ ಬಂದರೆ ಚೀಲ ಕಟ್ಟಬಹುದು. ಇಷ್ಟೇ.

ಆ ವರ್ಷದ ಕೊಯ್ಲಿಗೆ ಮಾವನ ಬಾಯಲ್ಲಿ ಹೊಸ ಹಲ್ಲು ಹೊಳೆಯುತ್ತಿತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವುದನ್ನು ಸುಳ್ಳು ಮಾಡಿದವರಂತೆ ಕಣಕ್ಕೆ ಬಂದು ಕಾಳು ಬಾಯಿಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಹಲ್ಲು ಎಲ್ಲಿ ಮುರಿಯುತ್ತದೋ ಎಂದು ಹೆದರಿ ಮೆಲ್ಲಗೆ ಕಚ್ಚಿದರು. ಮೆಲ್ಲಗೆ ಕಚ್ಚಿದರೆ ಹಸಿ ಕಾಳಿನ ಮೇಲೂ ಗುರುತು ಬೀಳುವುದಿಲ್ಲ. “ಆಯ್ತು, ನಾಡಿದ್ದು ಕಟ್ಟಿ” ಎಂದರು.

“ಮಾವ, ಒಂದ್ಸಲ ತೂಕ ಮಾಡಿ ನೋಡಾಣ?” ಎಂದೆ.

ಕಣದಲ್ಲಿ ಕಾಫಿ ಎಳೆದು ತಿರುವಿ ಹಾಕುತ್ತಿದ್ದ ಆಳುಗಳ ಕಡೆ ತಿರುಗಿ ಅವರು ನಕ್ಕರು. “ಕೇಳಿದ್ರಾ? ನನ್ ಹಲ್ಲಿಗೆ ಔಷ್ದಿ ಅಂತ ಹೋದೋಳು ಇವ್ಳೇ ಕಾಫಿ ಡಾಕ್ಟ್ರಾಗಿ ಬಂದಿದಾಳೆ. ಹೋಗ್ ಮಾರಾಯ್ತಿ, ಒಳ್ಗೆ ಸಾರು ಕುದೀತಿದೆಯಾ ನೋಡು.” ಆಳುಗಳೂ ನಕ್ಕರು. ಅಪ್ಪ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದರಲ್ಲೇ ಪಳಗಿದ್ದ ನನ್ನ ಗಂಡ ಆಕಾಶ ನೋಡಿದರು.

ಒಳಗೆ ಹೋದೆ. ಸಾರು ಕುದಿಯುತ್ತಿತ್ತು, ನಾನೂ. ಅವತ್ತು ಸಂಜೆ ಎಣ್ಣೆ ಡಬ್ಬವೊಂದರಲ್ಲಿ ಕಾಫಿ ತುಂಬಿ ಉಗ್ರಾಣದ ತಕ್ಕಡಿಯಲ್ಲಿ ತೂಗಿ, ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆದೆ. ಮರುದಿನವೂ ಬರೆದೆ, ತೂಕ ಇಳಿದಿತ್ತು. ಮೂರನೆಯ ದಿನ ಚೀಲ ಕಟ್ಟುವ ಮುಂಚೆ ಬರೆದೆ, ಇನ್ನೂ ಇಳಿದಿತ್ತು. ಕಾಫಿ ಹಸಿ ಇತ್ತು. ನಾನು ಬಾಯಿ ಬಿಡಲಿಲ್ಲ. ಕಟ್ಟಲಿ, ಹಾಳಾಗಲಿ, ಊರೆಲ್ಲ ನೋಡಲಿ ಎಂದುಕೊಂಡೆ. ಆ ವಾರ ಟವೆಲ್ ಗಂಟು ತಂದವರಿಗೆಲ್ಲ ಮಾವ ಅದೇ ಹಲ್ಲಿನಲ್ಲಿ ಕಚ್ಚಿ “ಕಟ್ಟಿ” ಎಂದರು. ಅವರಿಗೆಲ್ಲ ಲೋಟದಲ್ಲಿ ಕಾಫಿ ಕೊಟ್ಟವಳು ನಾನೇ. ಆಗಲೂ ಸುಮ್ಮನಿದ್ದೆ.

ಬೇಸಿಗೆಯಲ್ಲಿ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಕಾಳು ಬಣ್ಣಗೆಟ್ಟಿತ್ತು. ನೆರೆಮನೆಗಳ ಚೀಲಗಳೂ ಹಾಗೆಯೇ. ಮಾವ ತಪ್ಪನ್ನು ಮಂಜಿನ ಮೇಲೆ ಹಾಕಿದರು, ಚೀಲದ ಮೇಲೆ ಹಾಕಿದರು, ಉಗ್ರಾಣದ ನೆಲದ ಮೇಲೆ ಹಾಕಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಚೆನ್ನಾಗಿ ನಕ್ಕೆ.

ನೆರೆಯವರು ಜಗಳಕ್ಕೆ ಬರಲಿಲ್ಲ, ನಮ್ಮ ಕಡೆಯವರು ಅಷ್ಟು ಸಭ್ಯರು. ಮುಂದಿನ ಕೊಯ್ಲಿನಲ್ಲಿ ಯಾರೂ ಟವೆಲ್ ಗಂಟು ತರಲಿಲ್ಲ, ಅಷ್ಟೇ. ಮಾವ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುವರು. ರಸ್ತೆಯಲ್ಲಿ ಹೋಗುವವರು ಬಸ್ಸು ತಪ್ಪೀತು ಎಂಬಂತೆ ಬೀಸಿ ನಡೆಯುವರು. ಒಂದು ವಾರವಾದ ಮೇಲೆ ಅವರು ಅಂಗಿ ಬದಲಿಸುವುದನ್ನು ಬಿಟ್ಟರು. ಹಲ್ಲಿನ ಸೆಟ್ಟು ಲೋಟದ ನೀರಿನಲ್ಲೇ ಉಳಿಯಿತು. ಗಂಜಿ ಕೊಟ್ಟರೆ ಗಂಜಿ, ಕೊಡದಿದ್ದರೆ ಅದೂ ಇಲ್ಲ. ಮನೆಯಲ್ಲಿ ಅವರ ಬೈಗುಳವೂ ಕೇಳದಾಯಿತು. ನನಗೆ ಬೇಕಾಗಿದ್ದ ಗೆಲುವು ಅದೇ ಇರಬೇಕು. ನೋಡಲು ಅಸಹ್ಯವಾಗುತ್ತಿತ್ತು, ಅವರನ್ನಲ್ಲ, ಅದನ್ನು ಬಯಸಿದ ನನ್ನನ್ನು.

ಒಂದು ಮಧ್ಯಾಹ್ನ ನಾನು ಉಗ್ರಾಣದಲ್ಲಿ ಡಬ್ಬ ತೂಗುತ್ತಿದ್ದಾಗ ಅವರು ಬಾಗಿಲಲ್ಲಿ ಬಂದು ನಿಂತರು.

“ಅದೆಂತ, ಹೆಂಗ್ ಮಾಡಾದು, ತೋರ್ಸು” ಎಂದರು.

ಎಪ್ಪತ್ತು ದಾಟಿದ ಆ ಮನುಷ್ಯ ಯಾರನ್ನಾದರೂ ಏನನ್ನಾದರೂ ತೋರಿಸು ಎಂದು ಕೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ತೋರಿಸಿದೆ. ಡಬ್ಬವನ್ನು ಕುಲುಕದೆ ತುಂಬಬೇಕು, ಮೇಲೆ ಕೋಲಿನಲ್ಲಿ ಮಟ್ಟ ಮಾಡಬೇಕು, ದಿನವೂ ಅದೇ ಡಬ್ಬ, ಅದೇ ಹೊತ್ತು. ಮೂರು ದಿನ ಒಂದೇ ತೂಕ ಬರುವವರೆಗೆ ಕಟ್ಟಬಾರದು. ಮೊದಲ ದಿನ ಅರ್ಧ ಕಾಫಿ ನೆಲಕ್ಕೆ ಚೆಲ್ಲಿದರು. ನಾಲ್ಕನೆಯ ದಿನಕ್ಕೆ ನನ್ನನ್ನೇ ಗದರುತ್ತಿದ್ದರು, “ಕುಲುಕ್ಬೇಡ ಮಾರಾಯ್ತಿ, ಎಷ್ಟ್ ಸಲ ಹೇಳಾದು?” ಅವತ್ತು ಹಲ್ಲು ಹಾಕಿಕೊಂಡು ಎರಡು ರೊಟ್ಟಿ ತಿಂದರು.

ಇನ್ನೇನು ಚೀಲ ಕಟ್ಟಬೇಕು ಎನ್ನುವ ದಿನ, ಈ ಸಲ ನಾನು ಚೀಟಿಯಲ್ಲಿ ಬರೆದಿಡುತ್ತಿದ್ದ ತೂಕವನ್ನು ತಮ್ಮ ಕೈಯಾರೆ ಬಾಗಿಲ ಮೇಲೇ ಬರೆಯುತ್ತೇನೆಂದು ಪೆನ್ಸಿಲ್ ಈಸಿಕೊಂಡು ಬಾಗಿಲ ಹಿಂದಕ್ಕೆ ಹೋದರು. ಅಲ್ಲಿ ಹೋದ ವರ್ಷದ ನನ್ನ ಬರಹ ಹಾಗೇ ಇತ್ತು. ಮೂರು ತೂಕ, ಪಕ್ಕದಲ್ಲಿ ತಾರೀಕು. ಅಳಿಸಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅದುವರೆಗೆ ಅದನ್ನು ನೋಡಿದ್ದರೆ ಅವರಿಗೆ ಬರೀ ಅಂಕಿಗಳು. ಈಗ ಓದಲು ಬರುತ್ತಿತ್ತು.

ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

“ಕೊನೇ ದಿನಾನೂ ಇಳೀತಾ ಇತ್ತು” ಎಂದರು.

“ಹೌದು ಮಾವ.”

“ನಿಂಗೆ ಅವತ್ತೇ ಗೊತ್ತಿತ್ತು.”

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ನಾನು ನಕ್ಕಿದ್ದು ತಪ್ಪು” ಎಂದರು. ಆಮೇಲೆ ನನ್ನ ಮೂರು ತೂಕಗಳ ಕೆಳಗೆ ತಮ್ಮ ಅಂಕಿಯನ್ನು ದೊಡ್ಡದಾಗಿ, ಶಾಲೆಯ ಮಗುವಿನ ಹಾಗೆ ಒತ್ತಿ ಬರೆದು, ಪೆನ್ಸಿಲನ್ನು ನನ್ನ ಕೈಗೆ ವಾಪಸ್ ಕೊಟ್ಟು, ಚೀಲ ಹೊಲಿಯುವ ದಬ್ಬಣ ಹುಡುಕಲು ಹೋದರು.