ಕಾರಿನೊಳಗೆ ಕಾಸಿದ ಬೆಲ್ಲ

ಕರಾವಳಿಯವರಿಗೆ ಕಾರಿನಲ್ಲಿ ಹೀಟರ್ ಯಾಕೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಒಂಬತ್ತು ವರ್ಷ ಅದರ ಗುಂಡಿ ಮುಟ್ಟಿರಲಿಲ್ಲ. ಕೊಕ್ಕರ್ಣೆಯ ಸೆಕೆಯಲ್ಲಿ ಕೂತು ಬಿಸಿಗಾಳಿ ಬೇಡುವವನನ್ನು ಮನೆಯವರು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಆದರೆ ಆಸಾಡಿ ತಿಂಗಳ ಮಳೆಗೆ ಎದುರಿನ ಗಾಜು ಒಳಗಿನಿಂದ ಮಂಜಾಗುತ್ತದೆ. ಏಸಿ ಹಾಕಿದರೆ ನನ್ನ ಹೆಂಡತಿ ಜಲಜಳಿಗೆ ಭುಜ ಹಿಡಿದುಕೊಳ್ಳುತ್ತದೆ. ಹಾಗಾಗಿ ಈ ಮಳೆಗಾಲದಲ್ಲಿ ಗುಂಡಿಯನ್ನು ಕೆಂಪು ಗೆರೆಯ ಕಡೆಗೆ ತಿರುಗಿಸಿದೆ. ಗಾಜು ಅರೆಬರೆ ತಿಳಿಯಾಯಿತು. ಜೊತೆಗೆ ಒಂದು ವಾಸನೆಯೂ ಬಂತು.

ಎಂಥ ವಾಸನೆ ಎಂದರೆ ಹೇಳುವುದು ಕಷ್ಟ. ಬಣ್ಣಗಳಿಗೆ ಅವುಗಳದೇ ಹೆಸರುಗಳಿವೆ. ವಾಸನೆಗೆ ಮಾತ್ರ ಕಮಟು, ಘಾಟು, ಮುಗ್ಗಲು ಎಂದು ನಾಲ್ಕು ಮಾತು ಆಡುವಷ್ಟರಲ್ಲಿ ಚೀಲ ಬರಿದಾಗಿ, 'ಅದರ ಹಾಗೆ, ಇದರ ಹಾಗೆ' ಎನ್ನಬೇಕಾಗುತ್ತದೆ. ಬ್ರಹ್ಮಾವರಕ್ಕೆ ಹೊರಟ ಕಾರು ಬಸ್ಸು ತಪ್ಪಿದವರನ್ನು ಹತ್ತಿಸಿಕೊಳ್ಳದೆ ಹೋದರೆ ನಮ್ಮಲ್ಲಿ ಅದು ಸೊಕ್ಕು. ಹತ್ತಿದವರು ಕಾರಿನ ಕುಂದು ಹೇಳದೆ ಇಳಿದರೆ ಅದು ಕೃತಘ್ನತೆ. ರಬ್ಬರ್ ತೋಟದ ಒಬ್ಬರು, "ಇದ್ ರಬ್ಬರ್ ಶೀಟ್ ಒಣ್ಗ್ಸಿದ್ ವಾಸ್ನಿಯೇ" ಎಂದು ತೀರ್ಪು ಕೊಟ್ಟರು. ಮೀನು ಮಾರುವ ಗಿರಿಜಕ್ಕ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, "ಕಾಣಿ, ಇದ್ ನನ್ ಒಣ್‌ಮೀನಿಂದ್ ಅಲ್ಲ" ಎಂದು ಕೇಳುವ ಮೊದಲೇ ಜಾಮೀನು ಪಡೆದರು. ನನಗೋ, ಹಸಿ ಗೋಣಿಯ ಹಾಗೆ ಅನ್ನಿಸಿತು. ಲಾವಂಚದ ಬೇರಿನ ಒಂದು ಕಟ್ಟು ತಂದು ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದೆ. ಆಮೇಲೆ ಲಾವಂಚ ಹಾಕಿದ ಹಸಿ ಗೋಣಿಯ ವಾಸನೆ ಬರತೊಡಗಿತು.

ಜಲಜಳನ್ನು ಮಾತ್ರ ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ ಬಂದ ಒಂದು ಜ್ವರ ಅವಳ ಮೂಗಿನಿಂದ ವಾಸನೆಯನ್ನು ಪೂರ್ತಿ ಒಯ್ದಿತ್ತು. ಅದಕ್ಕೆ ಮೊದಲು ಅವಳ ಮೂಗು ಹೇಗಿತ್ತೆಂದರೆ, ಭರಣಿಯ ಮುಚ್ಚಳ ತೆಗೆಯದೆ ಉಪ್ಪಿನಕಾಯಿ ಕೆಟ್ಟದ್ದನ್ನು ಹೇಳುತ್ತಿದ್ದಳು. ಈಗ ಅವಳ ಸಾರು ಅಂದಾಜಿನದು. ಹಾಲು ಹುಳಿಯಾಯಿತೇ, ಒಗ್ಗರಣೆ ಸೀದಿತೇ ಎಂದು ಮೂಸಿ ಹೇಳುವ ಕೆಲಸ ನನ್ನದು. ಗ್ಯಾಸ್ ಒಲೆ ಆರಿಸಿದ ಮೇಲೂ ಮೂರು ಸಲ ಬಂದು ಮುಟ್ಟಿ ನೋಡುತ್ತಾಳೆ. ದಿನಾ ಬೆಳಿಗ್ಗೆ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದು, "ಇವತ್ತೂ ಇಲ್ಲೆ" ಎಂದು ಮುಚ್ಚುತ್ತಾಳೆ. ಅಳುವುದಿಲ್ಲ. ಮುಚ್ಚಳವನ್ನು ಮಾತ್ರ ಬೇಕಾದ್ದಕ್ಕಿಂತ ಬಿಗಿಯಾಗಿ ಒತ್ತುತ್ತಾಳೆ.

ನನಗೆ ದಿನದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಚಟ. 'ಮಳೆ ಜೋರು. ರೇಡಿಯೇಟರಿಗೆ ನೀರು ಅರ್ಧ ಚೊಂಬು. ಇಂಗು: ಇಲ್ಲ.' ಮರುದಿನವೂ ಅದೇ. ಬರೆಯುವವನು ತಿಳಿದವನಾಗಿರಬೇಕೆಂದೇನೂ ಇಲ್ಲ ಎನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ. ಇನ್ನೊಂದು ವಿಷಯ ಅದರಲ್ಲಿಲ್ಲ. ಕರಿದದ್ದು ಮುಟ್ಟಬೇಡಿ ಎಂದು ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದಾರೆ. ಜಲಜಳ ಮೂಗು ಹೋದ ಈ ಎರಡು ವರ್ಷ ನಾನು ಬ್ರಹ್ಮಾವರದಲ್ಲಿ ಗೋಳಿಬಜೆ ತಿಂದು ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ಅದರ ಸುಖವೂ ನಾಚಿಕೆಯೂ ಒಟ್ಟೊಟ್ಟಿಗೇ ಗಂಟಲಿನಲ್ಲಿ ಇಳಿಯುತ್ತಿದ್ದವು.

ಒಂದು ಸಂಜೆ ಸಿದ್ದಾಪುರದ ನೆಂಟರ ಮನೆಯಿಂದ ಇಬ್ಬರೇ ಬರುತ್ತಿದ್ದೆವು. ಮಳೆ, ಹೀಟರ್, ಮಂಜುಗಾಜು. ಶಂಕರನಾರಾಯಣ ದಾಟುವಾಗ ಜಲಜ ಮಾತು ನಿಲ್ಲಿಸಿ ತಲೆಯೆತ್ತಿದಳು.

"ಹ್ವಾಯ್, ಬೆಲ್ಲ ಕಾಸಿದ್ ವಾಸ್ನಿ ಬತ್ತಿತ್ತಲೆ?"

ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ನನಗೆ ಗೋಣಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. "ನೆನಪಾಯ್ತಾ, ಇಲ್ಲಾ ಬತ್ತಿತ್ತಾ?" ಎಂದೆ. ಅವಳು ಕಣ್ಣು ಮುಚ್ಚಿ ಕಿಂಡಿಯ ಹತ್ತಿರ ಬಾಗಿದಳು. "ಗೊತ್ತಾತಿಲ್ಲೆ" ಎಂದಳು. ಆಮೇಲೆ, "ನಿಜ ವಾಸ್ನಿಯೇ ಆಯ್ಲಿ ದೇವ್ರೆ" ಎಂದು ತನಗೇ ಹೇಳಿಕೊಂಡಳು. ಮನೆ ತಲುಪಿ ಇಂಗಿನ ಡಬ್ಬಿ ತೆರೆದಳು. ಇಲ್ಲ. ಕಾಫಿಪುಡಿ ಮೂಸಿದಳು. ಇಲ್ಲ. ಬೆಲ್ಲ ಬರೀ ಮನಸ್ಸಿನದು ಎಂದು ತೀರ್ಮಾನಿಸಿ, ಡಬ್ಬಿಗಳ ಮುಚ್ಚಳ ಒತ್ತಿ ರಾತ್ರಿಯೂಟಕ್ಕೆ ಬಡಿಸಿದಳು.

ಮರುದಿನ ಬ್ರಹ್ಮಾವರದ ಮೆಕ್ಯಾನಿಕ್ ಸಂಜೀವಣ್ಣನಿಗೆ ಎಲ್ಲರ ಅಭಿಪ್ರಾಯವನ್ನೂ ವರದಿ ಮಾಡಿದೆ. ರಬ್ಬರಿಗೂ ಗೋಣಿಗೂ ತಲೆಯೆತ್ತದ ಅವನು ಬೆಲ್ಲ ಎಂದಾಗ ಸ್ಪಾನರ್ ಕೆಳಗಿಟ್ಟ. ಎಡಗಡೆಯ ಮ್ಯಾಟ್ ಎತ್ತಿದ. ಅಡಿಯಲ್ಲಿ ಅಂಟಂಟು ಪಸೆ. ಗಾಜಿನ ಒಳಮೈಗೆ ಬೆರಳು ಎಳೆದ. ಎಣ್ಣೆಯಂಥ ಗೆರೆ ಮೂಡಿತು.

"ಹೆಗ್ಡೇರೆ, ಹೀಟರ್ ಒಳ್ಗೆ ಒಂದ್ ಸಣ್ ರೇಡಿಯೇಟರ್ ಇತ್ತ್, ಅದ್ ತೂತಾಯ್ತ್. ಇಂಜಿನ್ ತಂಪ್ ಮಾಡು ಕೂಲೆಂಟ್ ಸೋರಿ ಆವಿಯಾಯಿ ಬತ್ತಿತ್ತ್. ಅದ್ರ್ ವಾಸ್ನಿ ಸಿಹಿಯೇ. ಆ ಆವಿ ಮೂಗಿಗೆ ಹೋಪುದ್ ಒಳ್ಳೇದಲ್ಲ, ಬೇಗ ಬಂದದ್ ಲಾಯ್ಕಾಯ್ತ್. ನೀರ್ ಕಮ್ಮಿ ಆತಿತ್ತಾ?"

"ದಿನಾ ಅರ್ಧ ಚೊಂಬು" ಎಂದೆ, ಪುಸ್ತಕ ನೆನಪಾಗಿ.

"ಬರೀ ನೀರ್ ಹೊಯ್ದ್ ಹೊಯ್ದ್ ಕೂಲೆಂಟೇ ಉಳೀಲಿಲ್ಲೆ ಮಾರಾಯ್ರೆ. ಇಷ್ಟ್ ತೆಳೂಗಿಪ್ಪುದ್ ನನ್ ಮೂಗಿಗೇ ಹಿಡೀತಿಲ್ಲೆ. ಬೆಲ್ಲ ಅಂದದ್ ಯಾರ್?"

"ನಮ್ಮನೆಯವಳು" ಎಂದೆ. ಎರಡು ವರ್ಷ ಮುಚ್ಚಿದ್ದ ಬಾಗಿಲು ಇಂಗಿಗೆ ತೆರೆದಿರಲಿಲ್ಲ, ಕಾಫಿಗೆ ತೆರೆದಿರಲಿಲ್ಲ. ಮೆಕ್ಯಾನಿಕ್ಕಿಗೂ ಸಿಗದ ಒಂದೆಳೆ ಆವಿಗೆ ಕೂದಲೆಳೆಯಷ್ಟು ಸರಿದಿತ್ತು. ಎಷ್ಟು ಸಣ್ಣ ಬಿರುಕು, ಅದರೊಳಗೆ ಎಷ್ಟು ದೊಡ್ಡ ಲೋಕ ಎಂದು ಆ ಗ್ಯಾರೇಜಿನ ಗ್ರೀಸಿನ ನಡುವೆ ಬೆರಗಾಗಿ ನಿಂತೆ. ಸಂಜೆಯವರೆಗೆ ರಿಪೇರಿ ನಡೆಯಿತು. ಸಂತೋಷ ತಡೆಯಲಾರದೆ, ಎದುರಿನ ಹೋಟೆಲಿಗೆ ಹೋಗಿ ಬಂದೆ.

ಮನೆಗೆ ಬಂದವನೇ ಜಲಜಳನ್ನು ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದೆ. ಅವಳು ಉಸಿರೆಳೆದಳು. "ಬೆಲ್ಲ ಇಲ್ಲೆ" ಎಂದಳು. ಹೋದದ್ದು ವಾಸನೆಯೋ, ಮತ್ತೆ ಮೂಗೋ? ಎರಡರಲ್ಲಿ ಯಾವುದಾದರೂ ಅವಳ ಉತ್ತರ 'ಬೆಲ್ಲ ಇಲ್ಲೆ' ಎಂದೇ ಅಲ್ಲವೇ? ಅವಳೂ ಅದನ್ನೇ ಯೋಚಿಸಿರಬೇಕು. ಕಿಂಡಿಯ ಹತ್ತಿರ ಬಾಗಿಯೇ ಇದ್ದಳು. ಮತ್ತೊಮ್ಮೆ ಉಸಿರೆಳೆದಳು. ನಿಧಾನಕ್ಕೆ ಮುಖವನ್ನು ನನ್ನ ಕಡೆಗೆ ತಿರುಗಿಸಿದಳು.

"ಗೋಳಿಬಜೆ ಎಷ್ಟ್ ತಿಂದ್ರಿ?"

"ಎರಡು" ಎಂದೆ. ಆರು ತಿಂದಿದ್ದೆ.

ಬೈಗುಳ ಊಟದವರೆಗೂ ನಡೆಯಿತು. ಇಷ್ಟು ಸುಖವಾಗಿ ನಾನು ಯಾವತ್ತೂ ಬೈಸಿಕೊಂಡದ್ದಿಲ್ಲ. ಊಟವಾದ ಮೇಲೆ ಪುಸ್ತಕ ತೆರೆದು ಬರೆದೆ: 'ಮಳೆ ಸಾಧಾರಣ. ರೇಡಿಯೇಟರಿಗೆ ನೀರು ಬೇಡ. ಇಂಗು: ಇನ್ನೂ ಇಲ್ಲ. ಗೋಳಿಬಜೆ: ಇದೆ.'